ಹೆಜ್ಜೆ ಕೇಳಿ ಹೆಸರು ಹೇಳುವ ಹೆರ್ಡಿಸ್

ಉತ್ತರದ ಹಿಮನಾಡಿನ ಕಡಲೂರು ತೇಸ್ತುವಿಕ್‌ನ ಈಜುಕೊಳದ ಬಾಗಿಲಲ್ಲಿ ಹೆರ್ಡಿಸ್ ಕೂರಲು ಶುರು ಮಾಡಿ ಮೂವತ್ತೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಯಾರ ಹೆಸರನ್ನೂ ಎರಡನೆಯ ಸಲ ಕೇಳಿದವಳಲ್ಲ. ಇಪ್ಪತ್ತು ವರ್ಷ ಕೆನಡಾದಲ್ಲಿದ್ದು ಗಡ್ಡ ಬಿಟ್ಟುಕೊಂಡು ಬಂದ ಮೀನುಗಾರನೊಬ್ಬ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದಾಗ, ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆ ಎತ್ತದೆಯೇ, "ಬಂದ್ಯಾ? ನಿನ್ನ ಟವೆಲ್ಲು ಇನ್ನೂ ಇಲ್ಲೇ ಇದೆ ನೋಡು" ಎಂದಿದ್ದಳಂತೆ. ಆ ಕಥೆಯನ್ನು ಊರಿನವರು ಹೊರಗಿನಿಂದ ಬಂದ ಎಲ್ಲರಿಗೂ ಹೇಳುತ್ತಿದ್ದರು. ಟವೆಲ್ಲು ಇದ್ದದ್ದು ನಿಜವೋ ಸುಳ್ಳೋ ಯಾರೂ ಹೋಗಿ ನೋಡಿರಲಿಲ್ಲ.

ಹೆರ್ಡಿಸ್‌ಗೆ ನೆನಪಿನ ಶಕ್ತಿ ದೇವರು ಕೊಟ್ಟದ್ದು ಎಂದು ಊರು ನಂಬಿತ್ತು. ದೇವರು ಅವಳಿಗೆ ಕೊಡದೆ ಬಿಟ್ಟದ್ದು ಏನು ಎಂಬುದು ಮಾತ್ರ ಅವಳ ಗಂಡ ಒಡ್ಡುರ್‌ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆರ್ಡಿಸ್‌ಗೆ ಮುಖ ಗುರುತು ಸಿಗುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು. ಮೂಗು ಮೂಗಾಗಿಯೂ ಬಾಯಿ ಬಾಯಾಗಿಯೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಅವೆಲ್ಲ ಸೇರಿ ಇದು ಇಂಥವನು ಎಂದು ಹೇಳುತ್ತಿರಲಿಲ್ಲ. ದಡದಲ್ಲಿ ಬಿದ್ದ ಬೆಣಚುಕಲ್ಲುಗಳನ್ನು ನೋಡಿದ ಹಾಗೆ. ಒಂದೊಂದೂ ಬೇರೆ ಎಂದು ಗೊತ್ತು, ನಿನ್ನೆ ನೋಡಿದ್ದು ಯಾವುದು ಎಂದು ಮಾತ್ರ ಕೇಳಬಾರದು.

ಎಂಟು ವರ್ಷದವಳಿದ್ದಾಗ ಶಾಲೆಯ ಗುಂಪುಚಿತ್ರದಲ್ಲಿ ಅವಳಿಗೆ ತಾನೇ ಸಿಕ್ಕಿರಲಿಲ್ಲ. ಉಳಿದವರಿಗೂ ಹೀಗೇ ಇರಬೇಕು, ಅವರು ಸ್ವಲ್ಪ ಜಾಣರು ಅಷ್ಟೆ ಎಂದುಕೊಂಡು ಅವಳೂ ಜಾಣತನ ಕಲಿತಳು. ಯಾರು ಹೇಗೆ ಕೆಮ್ಮುತ್ತಾರೆ, ಬಾಗಿಲಿನ ಹಿಡಿಯನ್ನು ತಿರುಗಿಸುತ್ತಾರೋ ಜಗ್ಗುತ್ತಾರೋ, ಬೂಟಿನ ಹಿಮವನ್ನು ಎರಡು ಸಲ ಬಡಿದು ಕೊಡವುತ್ತಾರೋ ನಾಲ್ಕು ಸಲವೋ, ಯಾವ ಕಾಲು ಮೊದಲು. ನಲವತ್ತು ದಾಟಿದ ಮೇಲೆ ಒಂದು ದಿನ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತ ರೇಡಿಯೊ ಕೇಳುವಾಗ ಡಾಕ್ಟರೊಬ್ಬರು ಇಂಥ ಜನ ನೂರಕ್ಕೆ ಒಬ್ಬಿಬ್ಬರು ಇರುತ್ತಾರೆ ಎಂದರು. ಹೆರ್ಡಿಸ್ ಕೈಯಲ್ಲಿ ಆಲೂಗೆಡ್ಡೆ ಹಿಡಿದುಕೊಂಡೇ ಕೂತುಬಿಟ್ಟಳು. ಅಂದರೆ ಉಳಿದ ತೊಂಬತ್ತೆಂಟು ಮಂದಿ ಏನೂ ಕಷ್ಟಪಡದೆಯೇ ಜನರನ್ನು ಗುರುತು ಹಿಡಿಯುತ್ತಿದ್ದರು. ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಸೋಮಾರಿಗಳು, ಎಂದುಕೊಂಡಳು.

ಒಡ್ಡುರ್ ಬಂದರಿನಲ್ಲಿ ಮೀನು ತೂಗುವ ಕೆಲಸ ಮಾಡಿ ನಿವೃತ್ತನಾದವನು. ರಾಜಧಾನಿಗೆ ಹೋದಾಗಲೆಲ್ಲ ಹೆಂಡತಿ ಸುಲಭವಾಗಿ ಹುಡುಕಿಕೊಳ್ಳಲಿ ಎಂದು ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳುತ್ತಿದ್ದ. ಒಮ್ಮೆ ಅಂಗಡಿಯೊಂದರಲ್ಲಿ ಅಂಥದೇ ಟೋಪಿಯ ಇನ್ನೊಬ್ಬ ಬಂದು, ಹೆರ್ಡಿಸ್ ಅವನ ಬುಟ್ಟಿಗೆ ಎರಡು ಡಬ್ಬಿ ಕಾಫಿಪುಡಿ ಹಾಕಿ, "ಬೆಣ್ಣೆ ಮರೀಬೇಡ" ಎಂದು ಹೇಳಿ ಹೋಗಿದ್ದಳು. ಆ ಮನುಷ್ಯ ಮರೆಯದೆ ಬೆಣ್ಣೆಯನ್ನೂ ಕೊಂಡನೆಂದು ಒಡ್ಡುರ್ ಈಗಲೂ ಹೇಳುತ್ತಾನೆ.

ಇಷ್ಟು ವರ್ಷ ಗುಟ್ಟಾಗಿ ಇಟ್ಟುಕೊಂಡದ್ದು ಯಾಕೆ ಎಂದರೆ, ಬಾಗಿಲು ಕಾಯುವವಳಿಗೆ ಮುಖವೇ ಗೊತ್ತಿಲ್ಲ ಎಂದರೆ ಬಾಗಿಲಲ್ಲಿ ಯಾರು ಕೂರಿಸುತ್ತಾರೆ? ಪಿಂಚಣಿಗೆ ಇನ್ನು ಮೂರು ವರ್ಷ ಇತ್ತು. ಆ ಮೂರು ವರ್ಷ ಅವಳು ಬೇರೆಲ್ಲೂ ಕೂರಲು ಸಿದ್ಧಳಿರಲಿಲ್ಲ. ಮನೆಯಲ್ಲಂತೂ ಇಲ್ಲವೇ ಇಲ್ಲ, ಅಲ್ಲಿ ಆಗಲೇ ಒಡ್ಡುರ್ ಕೂತಿದ್ದ.

ಅಂಥ ಹೊತ್ತಿನಲ್ಲಿ ಪುರಸಭೆ ಈಜುಕೊಳಕ್ಕೆ ಮುಖ ಗುರುತಿಸುವ ಗೇಟು ತರಿಸಿತು.

ತರಿಸಿದವಳು ಸ್ಟೇನುನ್, ಪುರಸಭೆಯ ವ್ಯವಸ್ಥಾಪಕಿ. ನಲವತ್ತರ ಆಸುಪಾಸಿನ, ಕೆಲಸದಲ್ಲಿ ಅಚ್ಚುಕಟ್ಟಾದ, ಒಂದು ಸಲ ಶುರು ಮಾಡಿದ್ದನ್ನು ಬಿಡದ ಹೆಂಗಸು. ವರ್ಷದ ಪ್ರವೇಶಚೀಟಿ ಇರುವ ನೂರತೊಂಬತ್ತಾರು ಮಂದಿಯ ಚಿತ್ರ ಮೊದಲು ಯಂತ್ರದೊಳಗೆ ಹೋಗಬೇಕಿತ್ತು. ಪ್ರತಿ ಚಿತ್ರದಿಂದ ಯಂತ್ರ ಕಣ್ಣು ಕಣ್ಣಿನ ನಡುವಿನ ದೂರ, ಮೂಗಿನ ಉದ್ದ, ದವಡೆಯ ತಿರುವು ಎಂದು ಏನೇನೋ ಅಳೆದು, ಒಂದು ಸಾಲು ಅಂಕಿ ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಗೇಟಿನ ಮುಂದೆ ಯಾರಾದರೂ ನಿಂತರೆ ಅವರದ್ದನ್ನೂ ಅಳೆದು, ಇಟ್ಟುಕೊಂಡ ಅಂಕಿಗೆ ಹೋಲಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅರವತ್ತೈದು ದಾಟಿದರೆ ಗೇಟು ತೆರೆಯುತ್ತದೆ. ಇದನ್ನೆಲ್ಲ ಸ್ಟೇನುನ್ ಸೂಚನಾಫಲಕದಲ್ಲಿ ಬರೆದು ಹಾಕಿ, ಕಚೇರಿಗೆ ಬಂದು ಚಿತ್ರ ತೆಗೆಸಿಕೊಳ್ಳಿ ಎಂದಳು. ಮೂರು ವಾರದಲ್ಲಿ ಹನ್ನೊಂದು ಮಂದಿ ಬಂದರು. ಅವರಲ್ಲಿ ನಾಲ್ವರು ಬೇರೆ ಕೆಲಸಕ್ಕೆ ಬಂದವರು.

ಊರಿನ ಜನ ತಪ್ಪದೆ ಬರುವುದು ಒಂದೇ ಕಡೆ, ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಗೆ. ಬೆಳಗ್ಗೆ ಏಳಕ್ಕೆ ಒಂದು ಗುಂಪು, ಒಂಬತ್ತಕ್ಕೆ ಇನ್ನೊಂದು, ಸಂಜೆ ಮತ್ತೊಂದು. ಕುತ್ತಿಗೆವರೆಗೆ ನೀರಿನಲ್ಲಿ ಮುಳುಗಿ, ಸರ್ಕಾರ, ಮೀನು, ಯಾರದೋ ಮಗಳ ಮದುವೆ ಎಂದು ಮಾತಾಡುತ್ತಾರೆ. ಸ್ಟೇನುನ್ ಅಲ್ಲಿಗೇ ಹೋದಳು. ಒಳಗೆ ಕ್ಯಾಮೆರಾ ನಿಷೇಧ ಎಂಬ ಫಲಕವನ್ನು ತಾನೇ ಕಳಚಿ ಕಂಕುಳಲ್ಲಿಟ್ಟುಕೊಂಡು, ಮಳೆಕೋಟು, ರಬ್ಬರ್ ಬೂಟು ಹಾಕಿ, ಮೂರು ಬೆಳಗ್ಗೆ ಮೂರು ಸಂಜೆ ತೊಟ್ಟಿಯ ಸುತ್ತ ಓಡಾಡಿದಳು. ಜನ ಒದ್ದೆ ಕೈಯಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಮೂರನೆಯ ದಿನಕ್ಕೆ ಎಲ್ಲರೂ ಮುಗಿದರು. ಇಷ್ಟು ಬೇಗ ಯಾವ ಊರಿನಲ್ಲೂ ಆಗಿಲ್ಲ ಎಂದು ಗೇಟು ಮಾರಿದ ಕಂಪನಿಯವರು ಹೊಗಳಿದರು. ಚಿತ್ರಗಳನ್ನು ಅವರು ಇನ್ನೂ ನೋಡಿರಲಿಲ್ಲ.

ನವೆಂಬರ್ ತಿಂಗಳಲ್ಲಿ ಗೇಟು ಶುರುವಾಯಿತು. ಯಂತ್ರಕ್ಕೆ ಗೊತ್ತಿದ್ದವರು ಕೆಂಪಗೆ ಬೆಂದ, ಕೂದಲು ಹಣೆಗೆ ಅಂಟಿದ, ಆವಿಯ ನಡುವೆ ಕಣ್ಣು ಅರೆಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ ಜನ. ಗೇಟಿಗೆ ಬಂದವರು ಉಣ್ಣೆ ಟೋಪಿ ಹುಬ್ಬಿನವರೆಗೆ ಎಳೆದ, ಕನ್ನಡಕಕ್ಕೆ ಮಂಜು ಹಿಡಿದ, ಗಡ್ಡದಲ್ಲಿ ಹಿಮ ಕಟ್ಟಿದ ಜನ. ಮೊದಲ ದಿನ ಐವತ್ತೆರಡು ಮಂದಿಯಲ್ಲಿ ಹತ್ತೊಂಬತ್ತು ಮಂದಿಯನ್ನು ಯಂತ್ರ ಒಳಗೆ ಬಿಟ್ಟಿತು. ಉಳಿದವರ ವಿಷಯದಲ್ಲಿ ಅದಕ್ಕೆ ಅನುಮಾನ.

ಯಂತ್ರಕ್ಕೆ ಅನುಮಾನ ಬಂದರೆ ಹೆರ್ಡಿಸ್‌ಳ ಮೇಜಿನ ಪರದೆಯ ಮೇಲೆ ಎರಡು ಚಿತ್ರ ಬರುತ್ತಿತ್ತು. ಎಡಗಡೆ ತೊಟ್ಟಿಯ ಚಿತ್ರ, ಬಲಗಡೆ ಗೇಟಿನದು. ಕೆಳಗೆ ಎರಡು ಗುಂಡಿ: ಅದೇ ವ್ಯಕ್ತಿ, ಬೇರೆ ವ್ಯಕ್ತಿ. ಮೊದಲ ಸಲ ಅದನ್ನು ನೋಡಿದಾಗ ಹೆರ್ಡಿಸ್ ಹೆಣಿಗೆ ಕೆಳಗಿಟ್ಟಳು. ಮೂವತ್ತೊಂದು ವರ್ಷ ತಪ್ಪಿಸಿಕೊಂಡು ಬಂದ ಒಂದೇ ಪ್ರಶ್ನೆಯನ್ನು ಪುರಸಭೆ ದುಡ್ಡು ಕೊಟ್ಟು ತರಿಸಿ ಅವಳ ಮೇಜಿನ ಮೇಲೆ ಇಟ್ಟಿತ್ತು.

ಆದರೆ ಪರದೆ ಬೆಳಗುವ ಹೊತ್ತಿಗೆ ಆ ಮನುಷ್ಯ ಬಾಗಿಲಲ್ಲಿ ಬೂಟು ಬಡಿದಾಗಿರುತ್ತಿತ್ತು. ಮೂರು ಬಡಿತ, ನಡುವೆ ಒಂದು ಉಸಿರು: ಕ್ಷೌರದಂಗಡಿಯ ರಾಗ್ನಾ. ಹೆರ್ಡಿಸ್ ಪರದೆಯ ಕಡೆ ತಿರುಗದೆ 'ಅದೇ ವ್ಯಕ್ತಿ' ಒತ್ತುತ್ತಿದ್ದಳು. ದಿನಕ್ಕೆ ಮೂವತ್ತು ಸಲ ಒತ್ತಿದರೂ ಹೆಣಿಗೆ ನಿಲ್ಲುತ್ತಿರಲಿಲ್ಲ.

"ನೀನು ನೋಡೋದೇ ಇಲ್ವಲ್ಲೇ" ಎಂದಳು ರಾಗ್ನಾ ಒಂದು ದಿನ, ಗೇಟಿನ ಮುಂದೆ ಟೋಪಿ ತೆಗೆದು ಹಾಕಿ ತೆಗೆದು ಹಾಕಿ ಸಾಕಾಗಿ. "ಇದು ನನ್ನನ್ನ ಹತ್ತು ಸಲ ನೋಡಿದ್ರೂ ಒಪ್ತಿಲ್ಲ."

"ಅದು ಹೊಸದು ಕಣೇ. ನಾನು ನಿನ್ನನ್ನ ಹುಟ್ಟಿದಾಗಿಂದ ನೋಡ್ತಿದೀನಿ."

"ನಾನು ನಿನಗಿಂತ ಆರು ವರ್ಷ ದೊಡ್ಡೋಳು."

"ಅದಕ್ಕೇ ಹೇಳಿದ್ದು, ಚೆನ್ನಾಗಿ ನೋಡಿದೀನಿ ಅಂತ. ಹೋಗು, ತೊಟ್ಟಿ ಆರ್ತದೆ."

ಎರಡು ವಾರ ಹೀಗೆ ನಡೆಯಿತು. ಮೂರನೆಯ ವಾರ ಸ್ಟೇನುನ್ ಬಂದಳು. ಹೊರಗಿನ ಮೂರು ಮೆಟ್ಟಿಲನ್ನು ಎರಡು ಹೆಜ್ಜೆಯಲ್ಲಿ ಹತ್ತಿ, ಒಳಗೆ ಕಾಲಿಡುವ ಮುನ್ನ ಗಕ್ಕನೆ ನಿಲ್ಲುವ ನಡಿಗೆ. ಒಳ್ಳೆಯ ಸುದ್ದಿ ಇದ್ದಾಗ ಅವಳು ನಿಲ್ಲುತ್ತಿರಲಿಲ್ಲ.

"ಹೆರ್ಡಿಸ್, ಕಂಪನಿಯವರು ಪತ್ರ ಬರೆದಿದಾರೆ. ಯಂತ್ರ ತುಂಬಾ ಸಲ ನಿನ್ನನ್ನ ಕೇಳ್ತಿದೆಯಂತೆ. ಅರವತ್ತೈದನ್ನ ಐವತ್ತಕ್ಕೆ ಇಳಿಸಿದ್ರೆ ಅದು ಕೇಳೋದೇ ಇಲ್ಲ, ತಾನೇ ಬಾಗಿಲು ತೆಗೀತದೆ."

"ಐವತ್ತಕ್ಕೆ ಇಳಿಸಿದ್ರೆ ಈ ಊರಲ್ಲಿ ಅಣ್ಣನ ಚೀಟಿಲಿ ತಮ್ಮ, ಅಜ್ಜನ ಚೀಟಿಲಿ ಮೊಮ್ಮಗ ಎಲ್ಲ ಬರ್ತಾರೆ. ಎಲ್ಲ ಒಂದೇ ಮೂಗಿನ ಜನ ಅಂತ ಕೇಳಿದೀನಿ."

"ಕೇಳಿದೀಯಾ? ಮೂವತ್ತು ವರ್ಷದಿಂದ ನೋಡ್ತಿಲ್ವಾ?"

"ನೋಡಿನೂ ಇದೀನಿ" ಎಂದಳು ಹೆರ್ಡಿಸ್, ಹೆಣಿಗೆಯ ಒಂದು ಕುಣಿಕೆ ತಪ್ಪಿಸಿ.

ಸ್ಟೇನುನ್ ವಿಷಯ ಹೇಳಿದಳು. ಪರೀಕ್ಷೆ ಒಂದು ಇದೆ. ಅರವತ್ತು ಜೋಡಿ ಚಿತ್ರ, ಕೆಲವು ಸರಿ ಜೋಡಿ, ಕೆಲವು ಬೇಕೆಂದೇ ಬೆರೆಸಿದ್ದು. ಯಂತ್ರ ಎಷ್ಟು ಸರಿ ಹೇಳುತ್ತದೆ, ಹೆರ್ಡಿಸ್ ಎಷ್ಟು ಹೇಳುತ್ತಾಳೆ ಎಂದು ನೋಡುವುದು. ಸೋಮವಾರ ಪುರಸಭೆಯ ಸಭೆ. ಮನುಷ್ಯರು ಹೆಚ್ಚು ಸರಿ ಹೇಳಿದರೆ ಬಾಗಿಲಿನ ಕೆಲಸ ಉಳಿಯುತ್ತದೆ. ಯಂತ್ರವೇ ಸಾಕು ಎನಿಸಿದರೆ ಹೊಸ ವರ್ಷದಿಂದ ಆ ಕೆಲಸ ಇರುವುದಿಲ್ಲ.

"ನಿನಗೇನು ಭಯ?" ಎಂದಳು ಸ್ಟೇನುನ್. "ನೀನು ಹೆರ್ಡಿಸ್. ನಿನ್ನ ಮೇಲೆ ನಂಬಿಕೆ ಇಟ್ಟೇ ನಾನು ಈ ಪರೀಕ್ಷೆಗೆ ಒಪ್ಪಿಕೊಂಡಿದ್ದು."

ಹೆರ್ಡಿಸ್ ಅಂದು ಸಂಜೆ ಗಂಡನ ಮುಂದೆ ಒಣಮೀನಿನ ಪೊಟ್ಟಣ ಬಿಚ್ಚಿಟ್ಟು ತಾನು ಮುಟ್ಟದೆ ಕೂತಳು. ಒಡ್ಡುರ್ ಮೀನಿಗೆ ಬೆಣ್ಣೆ ಹಚ್ಚುತ್ತ ಎಲ್ಲ ಕೇಳಿಸಿಕೊಂಡ.

"ಜ್ವರ ಅಂತ ಹೇಳು."

"ಸೋಮವಾರದೊಳಗೆ ಜ್ವರ ಇಳೀಬೇಕಲ್ಲ."

"ಕಣ್ಣಾಸ್ಪತ್ರೆಗೆ ಹೋಗ್ಬೇಕು ಅಂತ ಹೇಳು."

"ಅದು ಇನ್ನೂ ಕೆಟ್ಟದಾಯ್ತು. ಗುರುತು ಹಿಡಿಯೋಳಿಗೆ ಕಣ್ಣು ಹೋಯ್ತು ಅಂತಾರೆ."

ಒಡ್ಡುರ್ ತುಸು ಹೊತ್ತು ಅಗಿದ. "ನಿಜ ಹೇಳಿಬಿಟ್ರೆ?"

ಹೆರ್ಡಿಸ್ ಅವನನ್ನು ದಿಟ್ಟಿಸಿದಳು. ಮೂವತ್ತಾರು ವರ್ಷ ಜೊತೆಗಿದ್ದ ಆ ಮುಖದಿಂದ ಅವಳಿಗೆ ತಿಳಿದದ್ದು ಅವನ ಗಡ್ಡಕ್ಕೆ ಬೆಣ್ಣೆ ಅಂಟಿದೆ ಎಂಬುದಷ್ಟೆ.

"ಬಾಯಿ ಒರೆಸ್ಕೋ" ಎಂದಳು.

ಗುರುವಾರ ಹತ್ತು ಗಂಟೆಗೆ ಪುರಸಭೆಯ ಮಹಡಿಯ ಕೋಣೆಯಲ್ಲಿ ಪರೀಕ್ಷೆ. ಸ್ಟೇನುನ್ ಕಾಫಿ ಮಾಡಿ, ಕರಿದ ಸಿಹಿತಿಂಡಿಯ ತಟ್ಟೆ ಇಟ್ಟಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪು. ಅದರ ಪಕ್ಕದ ಫೋನಿನಲ್ಲಿ ಕಂಪನಿಯ ಎಂಜಿನಿಯರು ರಾಜಧಾನಿಯಿಂದ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಜೋಡಿಯ ಸಂಖ್ಯೆ ಹೇಳಿ, ಹೆರ್ಡಿಸ್ ಉತ್ತರ ಹೇಳಬೇಕು, ಅವನು ಬರೆದುಕೊಳ್ಳುತ್ತಾನೆ. ಇಲ್ಲಿ ಬೂಟಿನ ಸದ್ದಿಲ್ಲ, ಕೆಮ್ಮಿಲ್ಲ, ಬಾಗಿಲಿನ ಹಿಡಿಯಿಲ್ಲ. ಬರಿ ಮುಖ.

ಮೊದಲ ಜೋಡಿ ಬಂತು. ಎಡಗಡೆ ಒಂದು ಕೆಂಪು ಮುಖ, ಬಲಗಡೆ ಟೋಪಿಯ ಕೆಳಗೆ ಒಂದು ಬಿಳಿ ಮುಖ. ಹೆರ್ಡಿಸ್ ಒಂದು ತಿಂಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಬಾಯಲ್ಲಿ ತಿಂಡಿ ಇರುವಷ್ಟು ಹೊತ್ತು ಯಾರೂ ಉತ್ತರ ಕೇಳುವುದಿಲ್ಲ.

ಅಗಿಯುತ್ತ ಅವಳು ಮುಖ ಬಿಟ್ಟು ಅಕ್ಕಪಕ್ಕ ನೋಡಿದಳು. ಎಡಗಡೆ ಚಿತ್ರದ ಮುಖದ ಹಿಂದೆ ತೊಟ್ಟಿಯ ಅಂಚಿಗೆ ಕೂರಿಸಿದ ನೀಲಿ ಹೆಂಚು, ಅದರ ಒಂದು ಮೂಲೆ ಮುರಿದಿತ್ತು. ಆ ಹೆಂಚು ಮುರಿದು ಒಂಬತ್ತು ವರ್ಷವಾಯಿತು. ಅದಕ್ಕೆ ತಲೆ ಆನಿಸಿ ಕೂರುವವಳು ರಾಗ್ನಾ. ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ಕೂತರೆ ರಾಗ್ನಾ ಏನೂ ಹೇಳುವುದಿಲ್ಲ, ಅವರ ಮುಂದೆ ನೀರಿನಲ್ಲಿ ಸುಮ್ಮನೆ ನಿಂತುಕೊಳ್ಳುತ್ತಾಳೆ, ಅವರು ಏಳುವವರೆಗೆ. ಬಲಗಡೆಯ ಚಿತ್ರದಲ್ಲಿ ಟೋಪಿಗೆ ಹಸಿರು ಗೊಂಡೆ. ಅದು ರಾಗ್ನಾಳ ನಾದಿನಿ ಹೆಣೆದುಕೊಟ್ಟದ್ದು, ಇಷ್ಟವಿಲ್ಲದಿದ್ದರೂ ಅವಳು ಹಾಕಿಕೊಳ್ಳುವಂಥದ್ದು.

"ಒಂದನೇ ಜೋಡಿ, ಅದೇ ವ್ಯಕ್ತಿ" ಎಂದಳು ಹೆರ್ಡಿಸ್.

ಆಮೇಲೆ ಅವಳಿಗೆ ಕಷ್ಟವಾಗಲಿಲ್ಲ. ತೊಟ್ಟಿಯಲ್ಲಿ ಎಲ್ಲರಿಗೂ ಅವರವರ ಜಾಗ ಇತ್ತು. ಯಾವ ಫಲಕದಲ್ಲೂ ಬರೆದಿಲ್ಲ, ಆದರೆ ಅಪ್ಪನಿಂದ ಮಗನಿಗೆ ಬಂದ ಜಾಗಗಳೂ ಅಲ್ಲಿದ್ದವು. ಮೆಟ್ಟಿಲ ಬಳಿಯವರು ಯಾರು, ಕಂಬಿಗೆ ಕೈ ಹಾಕುವವರು ಯಾರು, ಗಡಿಯಾರ ಕಾಣುವ ಕಡೆ ಯಾರು, ಗಡಿಯಾರಕ್ಕೆ ಬೆನ್ನು ಹಾಕಿದವರು ಯಾರು ಎಂದು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿತ್ತು. ಬಲಗಡೆಯವರನ್ನು ಸ್ವೆಟರು ಹೇಳಿಕೊಡುತ್ತಿತ್ತು. ಯಾರ ಕುತ್ತಿಗೆಯ ಸುತ್ತ ಯಾವ ನಮೂನೆ, ಅದನ್ನು ಯಾರು ಹೆಣೆದದ್ದು, ಎಲ್ಲಿ ಕುಣಿಕೆ ಬಿಟ್ಟಿದೆ, ಎಲ್ಲ.

"ಇಪ್ಪತ್ತೊಂದು, ಬೇರೆ ವ್ಯಕ್ತಿ. ಇಪ್ಪತ್ತೆರಡು, ಅದೇ. ಇಪ್ಪತ್ಮೂರು, ಬೇರೆ, ಇವನ ತಮ್ಮ."

"ಇದಕ್ಕೆ ಯಂತ್ರ ಎಂಬತ್ತು ಕೊಟ್ಟಿತ್ತು" ಎಂದ ಫೋನಿನಲ್ಲಿ ಎಂಜಿನಿಯರು, ಮೆತ್ತಗೆ. "ಇಬ್ಬರನ್ನೂ ಒಬ್ಬನೇ ಅಂದಿತ್ತು."

"ಪಾಪ, ಹೊಸದಲ್ವಾ" ಎಂದಳು ಹೆರ್ಡಿಸ್, ಇನ್ನೊಂದು ತಿಂಡಿಗೆ ಕೈ ಹಾಕಿ.

ನಲವತ್ತಾರು ಜೋಡಿ ತಪ್ಪಿಲ್ಲದೆ ಮುಗಿದವು. ನಲವತ್ತೇಳನೆಯದು ಬಂತು. ಎಡಗಡೆಯ ಮುಖ ತೊಟ್ಟಿಯ ಮೂಲೆಯಲ್ಲಿತ್ತು. ಕೆಳಗಿನಿಂದ ನೀರು ರಭಸವಾಗಿ ಚಿಮ್ಮಿ ಸೊಂಟಕ್ಕೆ ಬಡಿಯುವ ಜಾಗ ಇಡೀ ತೊಟ್ಟಿಗೆ ಅದೊಂದೇ. ಮುಖದ ಸುತ್ತ ನೊರೆ ಎದ್ದಿತ್ತು. ಅದು ಹಾಲ್ಮುಂಡುರ್‌ನ ಜಾಗ. ಹಾಲ್ಮುಂಡುರ್ ಶಾಲೆಯ ಹಳೆಯ ಮುಖ್ಯೋಪಾಧ್ಯಾಯ, ಪುರಸಭೆಯ ಸದಸ್ಯ, ಇಪ್ಪತ್ತೆರಡು ವರ್ಷದಿಂದ ಆ ಮೂಲೆಯನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಬಲಗಡೆಯ ಚಿತ್ರದಲ್ಲಿ ಕಿತ್ತಳೆ ಟೋಪಿ. ಅದರ ಕೆಳಗೆ ಬೂದು ಸ್ವೆಟರು. ಅದರ ಕುತ್ತಿಗೆಯ ಎರಡನೆಯ ಸಾಲಿನ ತಪ್ಪು ಕುಣಿಕೆ ಅವಳ ಕೈಯಿಂದಲೇ ಆದದ್ದು.

"ನಲವತ್ತೇಳು, ಬೇರೆ ವ್ಯಕ್ತಿ."

ಸ್ಟೇನುನ್ ಪರದೆಯ ಕಡೆ ಬಗ್ಗಿದಳು.

"ಹೆರ್ಡಿಸ್" ಎಂದಳು ಸ್ಟೇನುನ್. "ಇನ್ನೊಂದ್ಸಲ ನೋಡು."

"ನೋಡಿದೆ. ಎಡಗಡೆ ಹಾಲ್ಮುಂಡುರ್. ಬಲಗಡೆ ನಮ್ಮನೆಯವನು."

"ಎರಡೂ ನಿಮ್ಮನೆಯವನೇ ಕಣೇ."

ಹೆರ್ಡಿಸ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಒದ್ದೆಯಾದ, ಕಣ್ಣು ಮುಚ್ಚಿದ, ಯಾರ ತಂಟೆಗೂ ಹೋಗದೆ ಸುಖವಾಗಿದ್ದ ಒಬ್ಬ ಮನುಷ್ಯ. ಯಾರಾದರೂ ಆಗಿರಬಹುದಿತ್ತು.

"ಕನ್ನಡಕ ಬದಲಾಯಿಸ್ಬೇಕೇನೋ" ಎಂದಳು ಸ್ಟೇನುನ್, ಆದಷ್ಟು ಹಗುರವಾಗಿ. ದಾರಿ ತೋರಿಸಿಕೊಡುತ್ತಿದ್ದಳು. ಹೂಂ ಎಂದರೆ ಮುಗಿಯುತ್ತಿತ್ತು. ಹೆರ್ಡಿಸ್ ಹೂಂ ಎನ್ನಲು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಫೋನಿನಿಂದ ಎಂಜಿನಿಯರು, "ತೊಂದರೆ ಇಲ್ಲ, ಉಳಿದ ನಲವತ್ತಾರೂ ಸರಿ. ಯಂತ್ರ ಅದರಲ್ಲಿ ಹತ್ತು ತಪ್ಪಿತ್ತು. ಹೆರ್ಡಿಸ್, ನೀನು ಮುಖದಲ್ಲಿ ಏನು ನೋಡ್ತೀಯಾ ಅಂತ ಸ್ವಲ್ಪ ಹೇಳ್ತೀಯಾ? ನಮಗೆ ಉಪಯೋಗ ಆಗ್ತದೆ" ಎಂದ.

ಅಷ್ಟು ಶ್ರದ್ಧೆಯಿಂದ ಕೇಳಿದವನಿಗೆ ಸುಳ್ಳು ಹೇಳುವುದು ಹೆರ್ಡಿಸ್‌ಗೆ ಆಗಲಿಲ್ಲ.

"ಏನೂ ನೋಡಲ್ಲ" ಎಂದಳು. "ನನಗೆ ಮುಖ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು, ಮುರಿದ ಹೆಂಚಿನಿಂದ ಹಿಡಿದು. ಸ್ಟೇನುನ್ ಕಾಫಿ ಲೋಟ ಹಿಡಿದುಕೊಂಡೇ ಕೇಳಿದಳು. ಕೊನೆಗೆ ಅವಳು ಕೇಳಿದ್ದು ಒಂದೇ: "ನಾನು ಯಾರು ಅಂತ ಹೆಂಗೆ ಗೊತ್ತಾಗ್ತದೆ ನಿನಗೆ?"

"ಮೂರು ಮೆಟ್ಟಿಲು ಎರಡು ಹೆಜ್ಜೆ. ಕೆಟ್ಟ ಸುದ್ದಿ ಇದ್ರೆ ಬಾಗಿಲಲ್ಲಿ ನಿಲ್ತೀಯ."

"ನಿಲ್ತೀನಾ?"

"ಹೋದ ಚಳಿಗಾಲ ಪೂರ್ತಿ ನಿಂತೇ ಒಳಗೆ ಬಂದೆ."

ಸ್ಟೇನುನ್ ಲೋಟ ಕೆಳಗಿಟ್ಟಳು. ಹೋದ ಚಳಿಗಾಲ ಅವಳ ಗಂಡ ಮನೆ ಬಿಟ್ಟು ಹೋದದ್ದನ್ನು ಅವಳು ಊರಿನಲ್ಲಿ ಯಾರಿಗೂ ವಸಂತದವರೆಗೆ ಹೇಳಿರಲಿಲ್ಲ.

ಉಳಿದ ಹದಿಮೂರು ಜೋಡಿಯನ್ನೂ ಮುಗಿಸಿದರು. ಹೆರ್ಡಿಸ್ ಅರವತ್ತಕ್ಕೆ ಐವತ್ತೊಂಬತ್ತು, ಯಂತ್ರ ನಲವತ್ತೇಳು. ಆದರೆ ಸ್ಟೇನುನ್ ಅಚ್ಚುಕಟ್ಟಿನ ಹೆಂಗಸು. "ನಾನು ಇದನ್ನ ಬರೀಬೇಕಾಗ್ತದೆ, ಹೆರ್ಡಿಸ್" ಎಂದಳು. "ಮುಖ ನೋಡೋ ಕೆಲಸಕ್ಕೆ ಮುಖ ಗೊತ್ತಾಗದವಳು. ಸಭೇಲಿ ಯಾರೇನಂತಾರೋ ನಂಗೊತ್ತಿಲ್ಲ."

"ಬರಿ. ಸೋಮವಾರದ ತನಕ ಯಾರಿಗೂ ತೋರಿಸ್ಬೇಡ. ಕಾಗದದಲ್ಲಿ ಓದೋಕಿಂತ ಮುಂಚೆ ನನ್ನ ಬಾಯಿಂದ ಕೇಳಲಿ."

ಶುಕ್ರವಾರ ಬೆಳಗ್ಗೆ ಏಳೂಕಾಲಿಗೆ ಹೆರ್ಡಿಸ್ ಈಜುಡುಗೆ ಹಾಕಿ ತೊಟ್ಟಿಗೆ ಇಳಿದಳು. ಮೂವತ್ತೊಂದು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ಹಾಗೆ ಮಾಡಿದ್ದು ಮೊದಲ ಸಲ. ತನಗೆಂದು ಜಾಗವಿಲ್ಲದ್ದರಿಂದ ನಡುವೆ ನಿಂತಳು. ಸುತ್ತ ಒಂಬತ್ತು ತಲೆಗಳು, ಒಡ್ಡುರ್‌ದೂ ಸೇರಿ. 

ಅವಳು ಸುತ್ತಿ ಬಳಸಲಿಲ್ಲ. ಮುಖ ಗುರುತು ಸಿಗುವುದಿಲ್ಲ ಎಂದಳು, ಹೇಗೆ ಇಷ್ಟು ವರ್ಷ ನಡೆಸಿದೆ ಎಂದಳು, ಪರೀಕ್ಷೆಯಲ್ಲಿ ಏನಾಯಿತು ಎಂದಳು, ಸೋಮವಾರ ಬಹುಶಃ ಕೆಲಸ ಹೋಗುತ್ತದೆ ಎಂದಳು. ಹೇಳಿ ಮುಗಿಸಿ ಚಳಿಗೆ ನಡುಗುತ್ತ ಕುತ್ತಿಗೆವರೆಗೆ ಕೂತಳು.

ಮೊದಲು ಮಾತಾಡಿದ್ದು ರಾಗ್ನಾ. "ಅಂದ್ರೆ ನಾನು ಹೆಂಗಿದೀನಿ ಅಂತ ನಿನಗೆ ಗೊತ್ತೇ ಇಲ್ವಾ?"

"ಎದುರಿಗಿದ್ದಾಗ ಗೊತ್ತು. ಆ ಕಡೆ ತಿರುಗಿದ್ರೆ ಹೋಯ್ತು."

"ಮೂವತ್ತು ವರ್ಷ ದಿನಾ ಹುಬ್ಬು ತೀಡ್ಕೊಂಡು ಬಂದೆ ಮಾರಾಯ್ತಿ. ಮೊದಲು ನೋಡೋಳು ಬಾಗಿಲಲ್ಲಿರೋ ಹೆರ್ಡಿಸ್ ಅಂತ."

"ಒಳ್ಳೇ ಹುಬ್ಬು ಅಂತ ಎಲ್ರೂ ಹೇಳ್ತಾರೆ, ರಾಗ್ನಾ. ನಾನು ನಂಬ್ತೀನಿ."

ಮೂಲೆಯಿಂದ ಹಾಲ್ಮುಂಡುರ್ ಗಂಟಲು ಸರಿಮಾಡಿಕೊಂಡ. ಶಾಲೆಯಲ್ಲಿ ಆ ಸದ್ದು ಕೇಳಿದರೆ ಮಕ್ಕಳು ಪೆನ್ಸಿಲು ಕೆಳಗಿಡುತ್ತಿದ್ದರು.  ಸೋಮವಾರದ ಸಭೆಯಲ್ಲಿ ಅವನ ಮಾತೇ ಗಟ್ಟಿ.

"ಒಂದು ವಿಷಯ ನನಗೆ ಅರ್ಥ ಆಗ್ಲಿಲ್ಲ" ಎಂದ. "ಒಡ್ಡುರ್‌ನ ಚಿತ್ರ ನೋಡಿ ಅದು ನಾನೇ ಅಂತ ಹೇಳ್ದೆ ಅಂದ್ಯಲ್ಲ. ಯಾಕೆ?"

"ನಿನ್ನ ಜಾಗದಲ್ಲಿ ಕೂತಿದ್ದ."

 ಎಂಟು ತಲೆಗಳು ನಿಧಾನವಾಗಿ ಒಡ್ಡುರ್‌ನ ಕಡೆ ತಿರುಗಿದವು.

"ಯಾವಾಗ?" ಎಂದ ಹಾಲ್ಮುಂಡುರ್.

ಒಡ್ಡುರ್ ಗಲ್ಲ ನೀರಿಗೆ ಮುಟ್ಟುವಷ್ಟು ಕೆಳಗೆ ಜಾರಿದ. "ಚಿತ್ರ ತೆಗೆದ ಮೂರನೇ ದಿನ. ನೀನು ಹಲ್ಲಿನ ಡಾಕ್ಟರ ಹತ್ರ ಹೋಗಿದ್ದೆ. ಖಾಲಿ ಇತ್ತು."

"ಖಾಲಿ ಇರಲಿಲ್ಲ. ನಾನು ಇರಲಿಲ್ಲ ಅಷ್ಟೆ."

"ಹತ್ತು ನಿಮಿಷ ಮಾರಾಯ."

"ಹತ್ತಲ್ಲ, ಇಪ್ಪತ್ತೈದು" ಎಂದಳು ರಾಗ್ನಾ. "ನಾನು ಗಡಿಯಾರ ನೋಡಿದೀನಿ. ಸುಮ್ನೆ ಜಗಳ ಯಾಕೆ ಅಂತ ಹೇಳಿರ್ಲಿಲ್ಲ."

ಆ ಮೇಲೆ ಯಾರೂ ಹೆರ್ಡಿಸ್‌ಳ ಮುಖದ ವಿಷಯ ಎತ್ತಲಿಲ್ಲ. ಅರ್ಧ ಗಂಟೆ ತೊಟ್ಟಿಯಲ್ಲಿ ನಡೆದದ್ದು ಜಾಗದ ವಿಚಾರಣೆ. ಮೂವತ್ತು ವರ್ಷದ ಹಿಂದೆ ಯಾರದೋ ಚಿಕ್ಕಪ್ಪ ಮೆಟ್ಟಿಲಿನ ಬಳಿ ಕೂತದ್ದರಿಂದ ಶುರುವಾಗಿ ಎಲ್ಲ ಹಳೆಯ ಕೇಸುಗಳೂ ಹೊರಗೆ ಬಂದವು. ಹೆರ್ಡಿಸ್ ಯಾರ ಗಮನಕ್ಕೂ ಬಾರದೆ ಎದ್ದು, ಮೈ ಒರೆಸಿಕೊಂಡು, ತನ್ನ ಮೇಜಿಗೆ ಹೋದಳು. ಇಷ್ಟು ವರ್ಷ ಹೊತ್ತ ಗುಟ್ಟನ್ನು ಇಳಿಸಿದರೆ ಊರು ನಡುಗುತ್ತದೆ ಎಂದುಕೊಂಡಿದ್ದಳು. ನಡುಗಿದ್ದೇನೋ ಹೌದು, ಬೇರೆ ಕಾರಣಕ್ಕೆ. ಅವಳಿಗೆ ಸ್ವಲ್ಪ ಅವಮಾನವೂ ಆಯಿತು.

ಸೋಮವಾರದ ಸಭೆಯಲ್ಲಿ ಐವರು ಸದಸ್ಯರು. ಸ್ಟೇನುನ್ ವರದಿಯನ್ನು ಒಂದಕ್ಷರವನ್ನೂ ಮುಚ್ಚಿಡದೆ ಓದಿದಳು. ಯಂತ್ರಕ್ಕೆ ತೊಟ್ಟಿಯಲ್ಲಿ ಚಿತ್ರ ತೆಗೆದದ್ದು ತನ್ನದೇ ತಪ್ಪು, ಒಣಗಿದ ಜನರ ಚಿತ್ರ ಮತ್ತೆ ತೆಗೆಯಬೇಕು ಎಂದೂ ಓದಿದಳು. ಒಬ್ಬ ಸದಸ್ಯ, ಮುಖ ಗೊತ್ತಿಲ್ಲದವರು ಮುಖದ ಯಂತ್ರದ ಮೇಲೆ ತೀರ್ಪು ಕೊಡುವುದು ವಿಚಿತ್ರವಲ್ಲವೇ ಎಂದ. ಹೆರ್ಡಿಸ್ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. ಯಾರು ಅಂದದ್ದು ಎಂದು ದನಿಯಿಂದ ತಿಳಿದಿತ್ತು, ಮುಂದಿನ ಸಲ ಅವನ ಟವೆಲ್ಲು ಕಳೆದುಹೋದರೆ ಹುಡುಕಿಕೊಡಬಾರದು ಎಂದುಕೊಂಡಳು.

ಆಗ ಹಾಲ್ಮುಂಡುರ್ ಎದ್ದುನಿಂತ.

"ನಲವತ್ತೇಳನೇ ಜೋಡಿ ಬಗ್ಗೆ ಎರಡು ಮಾತು" ಎಂದ. "ಆ ಮೂಲೆಯಲ್ಲಿ ಕೂತಿದ್ದವನನ್ನ ನೋಡಿ ಯಂತ್ರ ಹೇಳಿದ್ದು, ಇವನು ಒಡ್ಡುರ್ ಅಂತ. ಎಷ್ಟು ಅಂಕ?"

"ಎಪ್ಪತ್ತೊಂದು" ಎಂದಳು ಸ್ಟೇನುನ್.

"ಎಪ್ಪತ್ತೊಂದು ಅಂಕ ಕೊಟ್ಟು, ಒಡ್ಡುರ್ ಅಲ್ಲಿ ಕೂತಿದ್ದನ್ನ ಒಪ್ಪಿಕೊಳ್ತು. ಹೆರ್ಡಿಸ್ ಒಪ್ಲಿಲ್ಲ. ಕೂತಿದ್ದು ಅವಳ ಗಂಡನೇ ಆದ್ರೂ ಅವಳು ಹೇಳಿದ್ದು ಹಾಲ್ಮುಂಡುರ್ ಅಂತ. ಯಾರ ಜಾಗ ಯಾವುದು ಅಂತ ಗೊತ್ತಿರೋರು ಬಾಗಿಲಲ್ಲಿ ಇರಬೇಕಾ, ಯಾರು ಎಲ್ಲಿ ಕೂತ್ರೂ ಸರಿ ಅನ್ನೋದು ಇರಬೇಕಾ? ನನಗೆ ಅನುಮಾನ ಇಲ್ಲ."

ಐವರೂ ಕೈ ಎತ್ತಿದರು. ಹೆರ್ಡಿಸ್‌ಳ ಕೆಲಸ ಪಿಂಚಣಿಯವರೆಗೆ ಹಾಗೆಯೇ ಇರಬೇಕು. ಯಂತ್ರಕ್ಕೆ ಅನುಮಾನ ಬಂದವರು ಬಾಗಿಲವರೆಗೆ ಹಿಂದಿರುಗಿ ಹೋಗಿ, ಬೂಟು ಬಡಿದು, ಮತ್ತೆ ನಡೆದು ಬರಬೇಕು. ಹೆರ್ಡಿಸ್ ಕೇಳಿಸಿಕೊಂಡು ತೀರ್ಮಾನಿಸಬೇಕು ಎಂದು ನಿರ್ಣಯವಾಯಿತು. ಕೊನೆಯಲ್ಲಿ ಹಾಲ್ಮುಂಡುರ್ ಹೇಳಿ ಇನ್ನೊಂದು ಸಾಲು ಬರೆಸಿದ. ಸ್ಟೇನುನ್ ಪೆನ್ನು ಹಿಡಿದು ಎರಡು ಸಲ ಅವನ ಮುಖ ನೋಡಿ, ಬರೆದಳು.

ಮನೆಗೆ ಬಂದು ಹೆರ್ಡಿಸ್ ನಿರ್ಣಯದ ಪ್ರತಿಯನ್ನು ಗಂಡನಿಗೆ ಓದಿ ಹೇಳಿದಳು. ಒಡ್ಡುರ್ ಒಲೆಯ ಮುಂದೆ ನಿಂತು ಮೀನಿನ ಸಾರು ಕದಡುತ್ತಿದ್ದ. ಮೂರು ದಿನದಿಂದ ತೊಟ್ಟಿಗೆ ಹೋಗಿರಲಿಲ್ಲ.

"'ಬಿಸಿನೀರಿನ ತೊಟ್ಟಿಯ ಈಶಾನ್ಯ ಮೂಲೆಯ ಜಾಗ ಹಾಲ್ಮುಂಡುರ್‌ದೆಂದು ಸಭೆ ಗಮನಿಸಿತು'" ಎಂದು ಅವಳು ಕೊನೆಯ ಸಾಲು ಓದಿದಳು.

"ಹಾಗೆ ಬರೆದಿದಾರಾ?"

"ಸಹಿ ಸಮೇತ."

ಒಡ್ಡುರ್ ಸೌಟು ಪಾತ್ರೆಯ ಅಂಚಿಗೆ ತಟ್ಟಿದ. "ಅಲ್ಲಿ ಕೂತಿದ್ದು ನಾನು ಅಂತ ಎಲ್ಲಾದ್ರೂ ಬರೆದಿದಾರಾ?"

ಹೆರ್ಡಿಸ್ ಎರಡು ಪುಟವನ್ನೂ ತಿರುವಿ ನೋಡಿದಳು. "ಇಲ್ಲ. ನಿನ್ನ ಹೆಸರೇ ಇಲ್ಲ."

"ಹಂಗಿದ್ರೆ ಸರಿ."

"ಹೆಂಗಿತ್ತು ಆ ಜಾಗ?"

ಒಡ್ಡುರ್ ಸಾರಿನ ಉಪ್ಪು ನೋಡಿದ. "ಸೊಂಟಕ್ಕೆ ತುಂಬಾ ಚೆನ್ನಾಗಿತ್ತು" ಎಂದ.